ನಗರ ಸಾರಿಗೆಯಲ್ಲಿ ವಿದೇಶಿ ಪ್ರವಾಸಿಗರ ದರ ಪಾವತಿ

ವಿದೇಶದಿಂದ ಬಂದವರು ನಗರವೊಂದರ ಬಸ್ಸು, ಮೆಟ್ರೊ, ಟ್ರಾಮ್, ಉಪನಗರ ರೈಲುಗಳಲ್ಲಿ ಓಡಾಡುವಾಗ ಹಣ ತೆರುವ ವಿಧಾನಗಳನ್ನೂ ಅವುಗಳ ನಿಯಮ, ತೊಡಕುಗಳನ್ನೂ ಇಲ್ಲಿ ವಿವರಿಸಿದೆ. ಟಿಕೆಟ್ ಪದ್ಧತಿ ಎಲ್ಲೆಡೆ ರೂಪುಗೊಂಡಿರುವುದು ಆಯಾ ಊರಿನ ನಿತ್ಯ ಪ್ರಯಾಣಿಕರಿಗಾಗಿ. ದಿನಾ ಅದೇ ದಾರಿಯಲ್ಲಿ ಹೋಗಿಬರುವವರಿಗೆ ಯಾವ ಪಾಸ್ ಅಗ್ಗ, ಎಲ್ಲಿ ಕಾರ್ಡು ತಾಗಿಸಬೇಕು, ಬಸ್ಸಿನಲ್ಲಿ ನಗದು ನಡೆಯುತ್ತದೆಯೇ ಎಂಬುದೆಲ್ಲ ರೂಢಿಯಾಗಿರುತ್ತದೆ. ನಿನ್ನೆ ರಾತ್ರಿ ವಿಮಾನ ಇಳಿದವರಿಗೆ ಇದಾವುದೂ ಗೊತ್ತಿರುವುದಿಲ್ಲ. ಅವರಿಗೆ ಅಲ್ಲಿನ ಬ್ಯಾಂಕ್ ಖಾತೆ ಇಲ್ಲ, ಅಲ್ಲಿನ ಮೊಬೈಲ್ ನಂಬರ್ ಇಲ್ಲ, ಅನೇಕ ವೇಳೆ ಭಾಷೆಯೂ ಬಾರದು. ಆದ್ದರಿಂದ ಪಾವತಿ ವ್ಯವಸ್ಥೆಯೊಂದು ಎಷ್ಟು ನ್ಯಾಯವಾಗಿದೆ ಎಂಬುದು ಹೊಸಬರ ಮಟ್ಟಿಗೇ ಮೊದಲು ಬಯಲಾಗುತ್ತದೆ. ಏನೂ ತಿಳಿಯದವರು ಎಲ್ಲ ತಿಳಿದವರಿಗಿಂತ ಹೆಚ್ಚು ತೆರಬೇಕಾಗಿಲ್ಲ ಎಂದಾದರೆ ಅದು ಒಳ್ಳೆಯ ವ್ಯವಸ್ಥೆ. ಕಳೆದ ಎರಡು ದಶಕಗಳಲ್ಲಿ ಕೆಲವು ನಗರಗಳು ಈ ಸ್ಥಿತಿಗೆ ಹತ್ತಿರ ಬಂದಿವೆ. ಹಲವು ಇನ್ನೂ ದೂರದಲ್ಲಿವೆ.

ನಾಣ್ಯ, ಟೋಕನ್, ಕಾರ್ಡು

ನ್ಯೂಯಾರ್ಕಿನ ಸಬ್‌ವೇ 1904ರಲ್ಲಿ ಆರಂಭವಾದಾಗ ದರ ಐದು ಸೆಂಟ್. ಸುಮಾರು ನಾಲ್ಕು ದಶಕ ಅದು ಬದಲಾಗಲೇ ಇಲ್ಲ. ಹಡಗಿನಿಂದ ಇಳಿದ ವಲಸಿಗನೂ ಒಂದೇ ಒಂದು ನಿಕಲ್ ನಾಣ್ಯ ಕೊಟ್ಟು ಒಳಗೆ ಹೋಗಬಹುದಿತ್ತು. 1948ರಲ್ಲಿ ದರ ಹತ್ತು ಸೆಂಟಿಗೆ, 1953ರಲ್ಲಿ ಹದಿನೈದಕ್ಕೆ ಏರಿತು. ಹದಿನೈದು ಸೆಂಟಿಗೆ ಒಂಟಿ ನಾಣ್ಯವಿಲ್ಲ, ಗೇಟಿನ ಯಂತ್ರಕ್ಕೆ ಎರಡು ಬಗೆಯ ನಾಣ್ಯ ತೆಗೆದುಕೊಳ್ಳಲು ಬಾರದು. ಹೀಗಾಗಿ ಟೋಕನ್ ಬಂತು. ಅಂದಿನಿಂದ ರೈಲು ಹತ್ತುವ ಮೊದಲು ಕೌಂಟರಿಗೆ ಹೋಗಿ, ಈ ಊರಿನಲ್ಲಿ ಮಾತ್ರ ನಡೆಯುವ ವಸ್ತುವೊಂದನ್ನು ಕೊಳ್ಳುವುದು ಅನಿವಾರ್ಯವಾಯಿತು. 1994ರಲ್ಲಿ ಬಳಕೆಗೆ ಬಂದ ಮೆಟ್ರೊಕಾರ್ಡ್ ಟೋಕನ್ನಿನ ಜಾಗವನ್ನು ಕ್ರಮೇಣ ಹಿಡಿಯಿತು; 2003ರಲ್ಲಿ ಟೋಕನ್ ಹಿಂದೆ ಸರಿಯಿತು. ಕಾಂತಪಟ್ಟಿಯ ಆ ತೆಳು ಕಾರ್ಡನ್ನು ಸರಿಯಾದ ವೇಗದಲ್ಲಿ ಎಳೆಯಲಾಗದೆ ಹೊಸಬರು ಗೇಟಿನ ಮುಂದೆ ತಡವರಿಸುವುದು ದಿನನಿತ್ಯದ ನೋಟವಾಗಿತ್ತು. ಅದರ ಮಾರಾಟವೂ 2025ರ ಡಿಸೆಂಬರ್ 31ಕ್ಕೆ ಮುಗಿಯಿತು.

ತಾಗಿಸಿದರೆ ಸಾಕು ಎನ್ನುವ ಚಿಪ್ ಕಾರ್ಡುಗಳ ಯುಗ ಏಷ್ಯಾದಲ್ಲಿ ಮೊದಲು ಬಲವಾಗಿ ಬೇರೂರಿತು. ಹಾಂಗ್‌ಕಾಂಗ್‌ನ ಆಕ್ಟೋಪಸ್ ಕಾರ್ಡು 1997ರ ಸೆಪ್ಟೆಂಬರ್ 1ರಂದು ಬಂತು. ಮೆಟ್ರೊ, ಬಸ್ಸು, ಟ್ರಾಮ್, ಫೆರಿ ಎಲ್ಲಕ್ಕೂ ಒಂದೇ ಕಾರ್ಡು, ಮುಂದೆ ಅಂಗಡಿಗಳಲ್ಲೂ ಅದೇ. ಟೋಕಿಯೊದ ಸುಯಿಕಾ 2001ರ ನವೆಂಬರಿನಲ್ಲಿ, ಸಿಂಗಪುರದ ಈಜಿ-ಲಿಂಕ್ 2002ರಲ್ಲಿ, ಲಂಡನ್ನಿನ ಆಯ್ಸ್ಟರ್ 2003ರಲ್ಲಿ, ದುಬೈ ಮೆಟ್ರೊದ ನೋಲ್ 2009ರಲ್ಲಿ ಬಂದವು. ಮೊದಲೇ ಹಣ ತುಂಬಿಸಿಟ್ಟು ಸ್ವಲ್ಪಸ್ವಲ್ಪವಾಗಿ ಖರ್ಚು ಮಾಡುವ ಈ ಪದ್ಧತಿ ಪ್ರವಾಸಿಗೆ ದೊಡ್ಡ ನೆಮ್ಮದಿ ತಂದಿತು. ಪ್ರತಿ ಸಲ ನಕ್ಷೆ ನೋಡಿ ದರ ಲೆಕ್ಕಹಾಕುವ ಕಷ್ಟ ತಪ್ಪಿತು. ಆದರೆ ಹೊಸ ಭಾರಗಳೂ ಬಂದವು. ಕಾರ್ಡಿಗೇ ಶುಲ್ಕ ಅಥವಾ ಠೇವಣಿ ಕೊಡಬೇಕು, ಎಷ್ಟು ತುಂಬಿಸಬೇಕೆಂದು ಊಹಿಸಬೇಕು, ಹೊರಡುವ ದಿನ ಉಳಿದ ಹಣವನ್ನು ಏನು ಮಾಡುವುದೆಂದು ಯೋಚಿಸಬೇಕು.

ಲಂಡನ್: ಬ್ಯಾಂಕ್ ಕಾರ್ಡೇ ಟಿಕೆಟ್

ಈ ಭಾರಗಳನ್ನು ಇಳಿಸುವ ಕೆಲಸದಲ್ಲಿ ಲಂಡನ್ ತೋರಿಸಿದ ದಾರಿಯನ್ನೇ ಮುಂದೆ ಬಹಳಷ್ಟು ನಗರಗಳು ಹಿಡಿದವು. ಆದ್ದರಿಂದ ಅದನ್ನು ವಿವರವಾಗಿ ನೋಡುವುದು ಅಗತ್ಯ. ಅಲ್ಲಿನ ಸಾರಿಗೆ ಸಂಸ್ಥೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್, 2012ರ ಡಿಸೆಂಬರಿನಲ್ಲಿ ಬಸ್ಸುಗಳಲ್ಲಿ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡುಗಳನ್ನು ಸ್ವೀಕರಿಸತೊಡಗಿತು. 2014ರ ಜುಲೈ 6ರಿಂದ ಬಸ್ಸುಗಳಲ್ಲಿ ನಗದು ಪೂರ್ತಿ ನಿಂತಿತು. ಅದೇ ವರ್ಷ ಸೆಪ್ಟೆಂಬರ್ 16ರಂದು ಅಂಡರ್‌ಗ್ರೌಂಡ್ ಸೇರಿದಂತೆ ನಗರದ ರೈಲು ಜಾಲಕ್ಕೂ ಬ್ಯಾಂಕ್ ಕಾರ್ಡಿನ ಸೌಲಭ್ಯ ಹರಡಿತು. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡುಗಳು ಬ್ರಿಟನ್ನಿನ ಹೊರಗೆ ವಿತರಣೆಯಾದವಾದರೂ ನಡೆಯುತ್ತವೆ. ವಿಮಾನ ನಿಲ್ದಾಣದಿಂದ ಹೊರಬಂದವರು ಟಿಕೆಟ್ ಯಂತ್ರದ ಮುಂದೆ ಸಾಲು ನಿಲ್ಲದೆ ನೇರವಾಗಿ ಗೇಟಿಗೆ ಹೋಗಬಹುದು.

ತಾಗಿಸಿದ ಕ್ಷಣದಲ್ಲಿ ಬ್ಯಾಂಕಿನಿಂದ ಹಣ ಕಡಿತವಾಗುವುದಿಲ್ಲ. ಅಂಗಡಿಯಲ್ಲಾದರೆ ಬ್ಯಾಂಕಿನ ಒಪ್ಪಿಗೆಗೆ ಕೆಲವು ಸೆಕೆಂಡು ಕಾಯಬಹುದು. ಬೆಳಗಿನ ನೂಕುನುಗ್ಗಲಿನಲ್ಲಿ ಗೇಟು ಅರ್ಧ ಸೆಕೆಂಡಿನೊಳಗೆ ತೆರೆಯಬೇಕು. ಹಾಗಾಗಿ ಓದುಗ ಯಂತ್ರ ಕಾರ್ಡು ಅಸಲಿಯೇ, ತಡೆಹಿಡಿದ ಪಟ್ಟಿಯಲ್ಲಿದೆಯೇ ಎಂದಷ್ಟೇ ನೋಡಿ ಒಳಬಿಡುತ್ತದೆ. ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬ ದಾಖಲೆ ಕೇಂದ್ರ ಗಣಕಕ್ಕೆ ಹೋಗುತ್ತದೆ. ಬೆಳಗಿನ ಜಾವ 4.30ಕ್ಕೆ ಲಂಡನ್ ಸಾರಿಗೆಯ ದಿನ ಮುಗಿಯುತ್ತದೆ. ಆಮೇಲೆ ಇಡೀ ದಿನದ ಓಡಾಟವನ್ನು ಜೋಡಿಸಿ ಒಂದೇ ಮೊತ್ತ ವಸೂಲು ಮಾಡುತ್ತಾರೆ.

ಲೆಕ್ಕ ಹಿಂದಿನಿಂದ ನಡೆಯುವುದರಿಂದಲೇ ದರಕ್ಕೆ ಮಿತಿ ಹಾಕುವುದು ಸುಲಭವಾಯಿತು. ದಿನದ ಪ್ರಯಾಣಗಳ ಮೊತ್ತ ನಿಗದಿತ ಗರಿಷ್ಠವನ್ನು ಮುಟ್ಟಿದ ಮೇಲೆ ಉಳಿದ ಓಡಾಟಕ್ಕೆ ಹಣವಿಲ್ಲ. ಸೋಮವಾರದಿಂದ ಭಾನುವಾರದವರೆಗೆ ವಾರದ ಮಿತಿಯೂ ಇದೆ. ಬಸ್ಸಿಗೆ 2025ರಲ್ಲಿ ಒಂದು ಸಲಕ್ಕೆ 1.75 ಪೌಂಡ್, ಮೊದಲ ಬಸ್ಸು ಹತ್ತಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಅಷ್ಟೇ. ದಿನದ ಪಾಸ್ ಕೊಳ್ಳುವುದೇ, ಬಿಡಿ ಟಿಕೆಟ್ ಸಾಕೇ ಎಂದು ಬೆಳಿಗ್ಗೆಯೇ ತೀರ್ಮಾನಿಸುವ ಅಗತ್ಯ ಇಲ್ಲಿ ಇಲ್ಲ. ದಿನ ಹೇಗೆ ಕಳೆಯಿತೋ ಅದಕ್ಕೆ ತಕ್ಕ ಅಗ್ಗದ ದರ ತಾನಾಗಿಯೇ ಸಿಗುತ್ತದೆ. ನಗರ ಸಾರಿಗೆಯ ಪಾವತಿಯಲ್ಲಿ ಆದ ಸುಧಾರಣೆಗಳಲ್ಲಿ ಹೊರಗಿನವರಿಗೆ ಅತಿ ಹೆಚ್ಚು ನ್ಯಾಯ ಒದಗಿಸಿದ್ದು ಇದೇ. ಮಾಹಿತಿ ಇಲ್ಲದವರಿಂದ ಹೆಚ್ಚು ಹಣ ಪಡೆಯುವ ದಾರಿಯನ್ನು ಸಂಸ್ಥೆಯೇ ಮುಚ್ಚಿಬಿಟ್ಟಿತು.

ಆದರೂ ಎಡವುವ ಜಾಗಗಳಿವೆ. ರೈಲಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ಕಾರ್ಡು ತಾಗಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಗೇಟಿಲ್ಲದ ನಿಲ್ದಾಣದಲ್ಲಿ ಇಳಿದು ತಾಗಿಸಲು ಮರೆತರೆ ಗರಿಷ್ಠ ದರ ಬೀಳುತ್ತದೆ. ಒಬ್ಬರಿಗೆ ಒಂದು ಕಾರ್ಡು; ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ರೈಲು ಹತ್ತಲಾಗದು. ಪ್ಲಾಸ್ಟಿಕ್ ಕಾರ್ಡು ತಾಗಿಸಿ ಒಳಗೆ ಹೋಗಿ, ಅದೇ ಕಾರ್ಡು ತುಂಬಿದ ಫೋನು ತಾಗಿಸಿ ಹೊರಬಂದರೆ ಯಂತ್ರಕ್ಕೆ ಅವು ಎರಡು ಬೇರೆ ಕಾರ್ಡುಗಳು, ಎರಡು ಅರೆ ಪ್ರಯಾಣಗಳು, ಎರಡೆರಡು ಗರಿಷ್ಠ ದರ. ಹೀಥ್ರೂ ವಿಮಾನ ನಿಲ್ದಾಣದಿಂದ ನಡುನಗರಕ್ಕೆ ಪಿಕಡಿಲಿ ಮಾರ್ಗ, ಎಲಿಜಬೆತ್ ಮಾರ್ಗ, ಹೀಥ್ರೂ ಎಕ್ಸ್‌ಪ್ರೆಸ್ ಮೂರಕ್ಕೂ ಅದೇ ಕಾರ್ಡು ನಡೆಯುತ್ತದೆ, ಬೆಲೆ ಮಾತ್ರ ಬೇರೆ; ಮೊದಲನೆಯದಕ್ಕಿಂತ ಕೊನೆಯದು ಹಲವು ಪಟ್ಟು ದುಬಾರಿ. ಇನ್ನು ಮಕ್ಕಳ ವಿಚಾರ. ಬ್ಯಾಂಕ್ ಕಾರ್ಡಿಗೆ ವಯಸ್ಕರ ದರ ಮಾತ್ರ ಗೊತ್ತು. 11ರಿಂದ 15 ವರ್ಷದ ಮಕ್ಕಳಿಗೆ ಆಯ್ಸ್ಟರ್ ಕಾರ್ಡು ಕೊಂಡು, ನಿಲ್ದಾಣದ ಸಿಬ್ಬಂದಿಯಿಂದ ಕಿರಿಯ ಸಂದರ್ಶಕರ ರಿಯಾಯಿತಿಯನ್ನು ಅದಕ್ಕೆ ಸೇರಿಸಿಸಿಕೊಂಡರೆ ಅರ್ಧ ದರ. ಕುಟುಂಬ ಸಮೇತ ಹೋದವರಿಗೆ ಹಳೆಯ ಕಾರ್ಡು ಇಂದಿಗೂ ಬೇಕಾಗುವುದು ಈ ಕಾರಣಕ್ಕೆ.

ನ್ಯೂಯಾರ್ಕಿನ ಓಮ್ನಿ ವ್ಯವಸ್ಥೆ 2019ರ ಮೇ ತಿಂಗಳಲ್ಲಿ ಶುರುವಾಗಿ ಇದೇ ದಾರಿಯಲ್ಲಿ ಬೆಳೆಯಿತು. ಒಂದು ವಿಷಯದಲ್ಲಿ ಅದು ಪ್ರವಾಸಿಗೆ ಲಂಡನ್ನಿಗಿಂತ ಅನುಕೂಲ. ಲಂಡನ್ನಿನ ವಾರ ಸೋಮವಾರಕ್ಕೇ ಶುರುವಾಗುವುದರಿಂದ ಗುರುವಾರ ಬಂದಿಳಿದವರಿಗೆ ವಾರದ ಮಿತಿಯ ಲಾಭ ಅಷ್ಟಾಗಿ ಸಿಗುವುದಿಲ್ಲ. ನ್ಯೂಯಾರ್ಕಿನಲ್ಲಿ ಏಳು ದಿನದ ಎಣಿಕೆ ಮೊದಲ ಸಲ ತಾಗಿಸಿದ ದಿನದಿಂದಲೇ ಆರಂಭ. ನೆದರ್‌ಲೆಂಡ್ಸ್ 2023ರ ಹೊತ್ತಿಗೆ ಇಡೀ ದೇಶದ ರೈಲು, ಮೆಟ್ರೊ, ಟ್ರಾಮ್, ಬಸ್ಸುಗಳಲ್ಲಿ ಬ್ಯಾಂಕ್ ಕಾರ್ಡು ನಡೆಯುವಂತೆ ಮಾಡಿತು. ಅಲ್ಲಿ ಗಮನಿಸಬೇಕಾದದ್ದು, ಒಂದೇ ನಿಲ್ದಾಣದಲ್ಲಿ ಬೇರೆಬೇರೆ ಕಂಪನಿಗಳ ಕಂಬಗಳಿರಬಹುದು. ಯಾವ ಕಂಪನಿಯ ರೈಲೋ ಅದರ ಕಂಬಕ್ಕೇ ತಾಗಿಸಬೇಕು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬಾರ್ಟ್ ರೈಲುಗಳ ಗೇಟುಗಳು 2025ರ ಆಗಸ್ಟಿನಿಂದ ಬ್ಯಾಂಕ್ ಕಾರ್ಡು ಸ್ವೀಕರಿಸುತ್ತಿವೆ. ಮಗಳ ಮನೆಗೋ ಮಗನ ಮನೆಗೋ ಹೋದ ತಂದೆತಾಯಿಗಳು ಒಬ್ಬೊಬ್ಬರೇ ಪೇಟೆಗೆ ಹೋಗಿಬರಲು ಇದರಿಂದ ಹಾದಿ ಸುಗಮವಾಗಿದೆ. ಸಿಂಗಪುರದಲ್ಲಿ 2019ರಿಂದ ವಿದೇಶಿ ವೀಸಾ, ಮಾಸ್ಟರ್‌ಕಾರ್ಡುಗಳು ನಡೆಯುತ್ತವೆ, ಆದರೆ ಬಳಸಿದ ಪ್ರತಿ ದಿನಕ್ಕೂ 60 ಸೆಂಟ್ ಆಡಳಿತ ಶುಲ್ಕ ಸೇರುತ್ತದೆ. ಹೊರದೇಶದ ಕಾರ್ಡು ಎಂಬ ಒಂದೇ ಕಾರಣಕ್ಕೆ ದಿನಾ ವಸೂಲು ಮಾಡುವ ಈ ಹಣ, ಅಷ್ಟು ಅಚ್ಚುಕಟ್ಟಾದ ವ್ಯವಸ್ಥೆಗೆ ಶೋಭಿಸುವುದಿಲ್ಲ. ಅಲ್ಲಿ ಬಸ್ಸಿನಿಂದ ಇಳಿಯುವಾಗಲೂ ಕಾರ್ಡು ತಾಗಿಸಬೇಕು. ಲಂಡನ್ನಿನ ಅಭ್ಯಾಸದಲ್ಲಿ ಸುಮ್ಮನೆ ಇಳಿದುಹೋದರೆ ಮಾರ್ಗದ ಕೊನೆಯವರೆಗಿನ ದರ ಬೀಳುತ್ತದೆ.

ಭಾರತೀಯ ಕಾರ್ಡುಗಳು

ಭಾರತದಿಂದ ಹೊರಟವರಿಗೆ ಮೊದಲ ತಡೆ ವಿದೇಶದ ಗೇಟಿನಲ್ಲಲ್ಲ, ತಮ್ಮ ಬ್ಯಾಂಕಿನಲ್ಲೇ ಇರಬಹುದು. ರಿಸರ್ವ್ ಬ್ಯಾಂಕು 2020ರಲ್ಲಿ ತಂದ ನಿಯಮದಂತೆ ಹೊಸದಾಗಿ ವಿತರಿಸುವ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ಬಳಕೆಯೂ ಕಾಂಟ್ಯಾಕ್ಟ್‌ಲೆಸ್ ಬಳಕೆಯೂ ಮುಚ್ಚಿಯೇ ಬರುತ್ತವೆ. ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಅವನ್ನು ತೆರೆಸಿಕೊಳ್ಳಬೇಕು. ಎರಡನ್ನೂ ತೆರೆಯಬೇಕು ಎಂಬುದು ಮುಖ್ಯ. ಅಂತರರಾಷ್ಟ್ರೀಯ ಬಳಕೆ ಮಾತ್ರ ತೆರೆದ ಕಾರ್ಡು ವಿದೇಶದ ಅಂಗಡಿಯಲ್ಲಿ ಪಿನ್ ಒತ್ತಿದರೆ ನಡೆಯುತ್ತದೆ, ಮೆಟ್ರೊ ಗೇಟಿನಲ್ಲಿ ಕೆಂಪು ದೀಪ ಹತ್ತುತ್ತದೆ. ಕಾರ್ಡಿನ ಮೇಲೆ ನಾಲ್ಕು ಬಾಗಿದ ಗೆರೆಗಳ ಗುರುತು ಇದೆಯೇ ಎಂದೂ ನೋಡಿಕೊಳ್ಳಬೇಕು. ರುಪೇ ಮಾತ್ರ ಇರುವವರು ಲಂಡನ್, ನ್ಯೂಯಾರ್ಕಿನ ಗೇಟುಗಳನ್ನು ನಂಬಿಕೊಂಡು ಹೋಗಬಾರದು. ವಿದೇಶಿ ಕರೆನ್ಸಿಯ ವ್ಯವಹಾರಕ್ಕೆ ಬಹಳಷ್ಟು ಬ್ಯಾಂಕುಗಳು ಶೇಕಡಾ ಎರಡರಿಂದ ಮೂರೂವರೆಯಷ್ಟು ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಹಾಕುತ್ತವೆ. ಬಸ್ಸು ಮೆಟ್ರೊಗಳ ಸಣ್ಣ ಮೊತ್ತಕ್ಕೆ ಇದು ಹೆಚ್ಚೇನಲ್ಲ. ಟಿಕೆಟ್ ಯಂತ್ರ ಎಲ್ಲಾದರೂ ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಒಪ್ಪದೆ ಸ್ಥಳೀಯ ಕರೆನ್ಸಿಯನ್ನೇ ಆರಿಸಬೇಕು. ಯಂತ್ರ ತೋರಿಸುವ ವಿನಿಮಯ ದರ ಸಾಮಾನ್ಯವಾಗಿ ಬ್ಯಾಂಕಿನದಕ್ಕಿಂತ ಕೆಟ್ಟದಾಗಿರುತ್ತದೆ.

ಜಪಾನ್

ಜಪಾನ್ ತನ್ನದೇ ದಾರಿಯಲ್ಲಿ ನಡೆದ ದೇಶ. ಸೋನಿ ರೂಪಿಸಿದ ಫೆಲಿಕಾ ಚಿಪ್ ಸುಯಿಕಾದ ಆಧಾರ. ಕಾರ್ಡು ಓದಿ ಗೇಟು ತೆರೆಯಲು ಅದಕ್ಕೆ 0.2 ಸೆಕೆಂಡು ಸಾಕು. ಶಿಂಜುಕುವಿನಂಥ ನಿಲ್ದಾಣದ ಜನಪ್ರವಾಹವನ್ನು ಕಂಡವರಿಗೆ ಈ ವೇಗದ ಬೆಲೆ ಅರ್ಥವಾಗುತ್ತದೆ, ಬ್ಯಾಂಕ್ ಕಾರ್ಡಿಗೆ ಅಲ್ಲಿನ ರೈಲು ಕಂಪನಿಗಳು ಬೇಗ ಒಲಿಯದ ಕಾರಣವೂ ತಿಳಿಯುತ್ತದೆ. 2013ರ ಮಾರ್ಚ್‌ನಿಂದ ಸುಯಿಕಾ, ಪಾಸ್ಮೊ, ಒಸಾಕಾ ಕಡೆಯ ಇಕೋಕಾ ಸೇರಿ ಹತ್ತು ಪ್ರಮುಖ ಕಾರ್ಡುಗಳು ಒಂದರ ಕ್ಷೇತ್ರದಲ್ಲಿ ಇನ್ನೊಂದು ನಡೆಯುವಂತಾದವು. ಆದರೆ ಜಪಾನ್ ರೈಲ್ವೇಸ್ (ಜೆಆರ್) ಸಮೂಹದ ರೈಲುಗಳಲ್ಲಿ ಒಂದು ಕ್ಷೇತ್ರದಲ್ಲಿ ಒಳಹೋಗಿ ಮತ್ತೊಂದರಲ್ಲಿ ಹೊರಬರುವಂತಿಲ್ಲ. ದೂರದ ಪ್ರಯಾಣಕ್ಕೆ ಬೇರೆ ಟಿಕೆಟ್ ಕೊಳ್ಳಬೇಕು.

ಚಿಪ್‌ಗಳ ಅಭಾವದಿಂದ 2023ರ ಬೇಸಿಗೆಯಲ್ಲಿ ಸಾಮಾನ್ಯ ಸುಯಿಕಾ, ಪಾಸ್ಮೊಗಳ ಮಾರಾಟ ನಿಂತಿತು. ಮತ್ತೆ ಶುರುವಾದದ್ದು 2025ರ ಮಾರ್ಚ್‌ನಲ್ಲಿ. ಆ ನಡುವೆ ಪ್ರವಾಸಿಗಳಿಗೆ ಆಸರೆಯಾದದ್ದು 2019ರಲ್ಲಿ ಬಂದಿದ್ದ ವೆಲ್ಕಮ್ ಸುಯಿಕಾ. ಅದಕ್ಕೆ ಠೇವಣಿ ಇಲ್ಲ, 28 ದಿನ ಮಾತ್ರ ಚಾಲ್ತಿ, ಉಳಿದ ಹಣ ವಾಪಸಿಲ್ಲ. ಐಫೋನ್ ಇದ್ದವರು ಫೋನಿನೊಳಗೇ ಸುಯಿಕಾ ಇಟ್ಟುಕೊಳ್ಳಬಹುದು, ಆದರೆ ಅದಕ್ಕೆ ಹಣ ತುಂಬುವ ವಿಚಾರದಲ್ಲಿ ಭಾರತದ ಕಾರ್ಡುಗಳನ್ನು ನೆಚ್ಚುವಂತಿಲ್ಲ. ಕೈಯಲ್ಲಿರುವ ಕಾರ್ಡಿಗೆ ಹಣ ತುಂಬುವ ಯಂತ್ರಗಳಲ್ಲಿ ಹೆಚ್ಚಿನವು ನಗದು ಮಾತ್ರ ತೆಗೆದುಕೊಳ್ಳುತ್ತವೆ. ಜಪಾನಿಗೆ ಹೋಗುವವರ ಬಳಿ ಯೆನ್ ನೋಟುಗಳು ಇರಲೇಬೇಕು. ಫುಕುವೊಕಾದ ಸಬ್‌ವೇ, ಒಸಾಕಾ ಸುತ್ತಲಿನ ಖಾಸಗಿ ರೈಲುಗಳು ಈಚೆಗೆ ಬ್ಯಾಂಕ್ ಕಾರ್ಡಿಗೂ ಗೇಟು ತೆರೆದಿವೆ.

ಗೇಟಿಲ್ಲದ ನಗರಗಳು, ಪಾಸುಗಳು

ಬರ್ಲಿನ್ನಿನ ನಿಲ್ದಾಣಗಳಲ್ಲಿ ಗೇಟುಗಳಿಲ್ಲ. ಟಿಕೆಟ್ ಕೊಂಡು, ಅಲ್ಲಿರುವ ಪುಟ್ಟ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಂಡು ರೈಲು ಹತ್ತಬೇಕು. ಹಣ ಕೊಟ್ಟು ಟಿಕೆಟ್ ಕೊಂಡಿದ್ದರೂ ಮುದ್ರೆ ಇಲ್ಲದಿದ್ದರೆ ಅದು ಟಿಕೆಟ್ಟಲ್ಲ. ಸಾದಾ ಉಡುಪಿನಲ್ಲಿ ಬರುವ ತಪಾಸಣೆಯವರು 60 ಯೂರೊ ದಂಡ ಹಾಕುತ್ತಾರೆ. ವಿದೇಶಿಯರೆಂಬ ವಿನಾಯಿತಿ ಇಲ್ಲ. ಮಧ್ಯ ಮತ್ತು ದಕ್ಷಿಣ ಯುರೋಪಿನ ಅನೇಕ ನಗರಗಳ ಟ್ರಾಮು ಬಸ್ಸುಗಳಲ್ಲೂ ಇದೇ ಕ್ರಮ. ಪ್ರಯಾಣಿಕರ ಮೇಲೆ ನಂಬಿಕೆಯಿಟ್ಟ ಪದ್ಧತಿ ಇದು, ನಿಯಮ ಬಲ್ಲವರಿಗೆ ಬಹಳ ಹಗುರ. ನಿಯಮ ತಿಳಿಯದ ಪ್ರಾಮಾಣಿಕರಿಗೆ ಮಾತ್ರ ಇಷ್ಟು ಕಠಿಣವಾದ ಪದ್ಧತಿ ಬೇರೆ ಇಲ್ಲ.

ಪ್ಯಾರಿಸ್ಸಿನ ಗೇಟುಗಳು ಬ್ಯಾಂಕ್ ಕಾರ್ಡು ಸ್ವೀಕರಿಸುವುದಿಲ್ಲ. ಪ್ರವಾಸಿಗಳು 2019ರಲ್ಲಿ ಬಂದ ನಾವಿಗೋ ಈಜಿ ಎಂಬ ಎರಡು ಯೂರೊ ಕಾರ್ಡು ಕೊಂಡು ಅದಕ್ಕೆ ಟಿಕೆಟ್ ತುಂಬಿಸಿಕೊಳ್ಳಬಹುದು, ಒಬ್ಬೊಬ್ಬರಿಗೂ ಒಂದೊಂದು. 2025ರ ಜನವರಿಯಿಂದ ಅಲ್ಲಿನ ವಲಯ ಲೆಕ್ಕ ಸರಳವಾಯಿತು: ಆ ವರ್ಷ ಮೆಟ್ರೊ, ಉಪನಗರ ರೈಲಿಗೆ 2.50 ಯೂರೊ, ಬಸ್ಸು ಟ್ರಾಮಿಗೆ 2 ಯೂರೊ, ವಿಮಾನ ನಿಲ್ದಾಣಕ್ಕೆ 13 ಯೂರೊ ಇತ್ತು. ವಾರದ ಪಾಸ್ ಸೋಮವಾರಕ್ಕೆ ಶುರುವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಶುಕ್ರವಾರ ಬಂದವರಿಗೆ ಆ ವಾರದ್ದು ಕೊಡುವುದೂ ಇಲ್ಲ. ಮೆಲ್ಬರ್ನಿನಲ್ಲಿ ಮೈಕಿ ಎಂಬ ಸ್ಥಳೀಯ ಕಾರ್ಡೇ ಬಹುಕಾಲ ಕಡ್ಡಾಯವಾಗಿತ್ತು, ಆದರೆ 2015ರಿಂದ ನಡುನಗರದ ಟ್ರಾಮುಗಳು ಯಾರಿಗಾದರೂ ಉಚಿತ.

ಪ್ರವಾಸಿ ಪಾಸುಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ವಿಮಾನ ನಿಲ್ದಾಣದ ಕೌಂಟರುಗಳಲ್ಲಿ ಬಣ್ಣದ ಚಿತ್ರಗಳೊಡನೆ ಮಾರುವ ಒಂದು, ಎರಡು, ಮೂರು ದಿನದ ಪಾಸುಗಳು ದಿನಕ್ಕೆ ಆರೇಳು ಸಲ ಹತ್ತಿಳಿಯುವವರಿಗೆ ಮಾತ್ರ ಲಾಭ. ಬೆಳಿಗ್ಗೆ ಹೋಗಿ ಒಂದು ವಸ್ತುಸಂಗ್ರಹಾಲಯದಲ್ಲೇ ದಿನ ಕಳೆದು ಸಂಜೆ ಮರಳುವವರು ಬಿಡಿ ದರ ಕೊಡುವುದೇ ಮೇಲು. ದರಮಿತಿ ಇರುವ ಊರಿನಲ್ಲಂತೂ ಇಂಥ ಪಾಸಿನ ಪ್ರಯೋಜನ ಬಹಳ ಕಡಿಮೆ.

ನಿವಾಸಿ ಮತ್ತು ಅತಿಥಿ

ಉಚಿತ ಪ್ರಯಾಣ ಎಂಬ ಸುದ್ದಿ ಓದಿ ಹೋಗುವವರು ಅದು ಯಾರಿಗೆ ಉಚಿತ ಎಂದು ನೋಡಬೇಕು. ಎಸ್ಟೋನಿಯಾದ ಟಾಲಿನ್ ನಗರ 2013ರಲ್ಲಿ ಸಾರಿಗೆಯನ್ನು ಉಚಿತಗೊಳಿಸಿದ್ದು ಅಲ್ಲಿ ನೋಂದಾಯಿತರಾದ ನಿವಾಸಿಗಳಿಗೆ. ಅತಿಥಿಗಳು ಹಣ ಕೊಡಬೇಕು. ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶದ ಬಸ್ಸು, ಟ್ರಾಮ್, ಎರಡನೇ ದರ್ಜೆಯ ರೈಲುಗಳನ್ನು ನಿವಾಸಿ, ಪ್ರವಾಸಿ ಎಂಬ ಭೇದವಿಲ್ಲದೆ ಉಚಿತಗೊಳಿಸಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್, ಜಿನೀವಾಗಳಲ್ಲಿ ಹೋಟೆಲಿನಲ್ಲಿ ತಂಗಿದವರಿಗೆ ತಂಗಿದಷ್ಟು ದಿನ ಊರ ಸಾರಿಗೆ ಉಚಿತ. ಹಣ ಪ್ರವಾಸಿ ತೆರಿಗೆಯಿಂದ ಬರುತ್ತದೆ. ದುಬಾರಿ ದೇಶದಲ್ಲಿ ಸಿಗುವ ಈ ಸೌಲಭ್ಯ ಎಷ್ಟೋ ಜನಕ್ಕೆ ತಿಳಿಯದೆ ಹೋಗುತ್ತದೆ, ಹೋಟೆಲಿನಲ್ಲಿ ಕೇಳಿಯೇ ಪಡೆಯಬೇಕು. ಹಿರಿಯ ನಾಗರಿಕರ ಉಚಿತ ಪಾಸು ಲಂಡನ್ನಿನಲ್ಲಿದೆ, ಆದರೆ ಅಲ್ಲಿನ ನಿವಾಸಿಗಳಿಗೆ ಮಾತ್ರ.

ಕರ್ನಾಟಕದ ಶಕ್ತಿ ಯೋಜನೆಯೂ ಟಾಲಿನ್ನಿನ ಮಾದರಿಗೆ ಸೇರುತ್ತದೆ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ಕರ್ನಾಟಕದ ನಿವಾಸಿ ಎಂಬುದಕ್ಕೆ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಹೊರದೇಶದ ಮಹಿಳೆಯರು ದರ ಕೊಡಬೇಕು.

ಬೆಂಗಳೂರಿಗೆ ಬಂದ ವಿದೇಶಿಯರ ಸ್ಥಿತಿ ಲಂಡನ್ನಿಗೆ ಹೋದ ಬೆಂಗಳೂರಿಗರದಷ್ಟು ಸುಲಭವಾಗಿಲ್ಲ. 2011ರ ಅಕ್ಟೋಬರ್ 20ರಂದು ಆರಂಭವಾದ ನಮ್ಮ ಮೆಟ್ರೊದಲ್ಲಿ ಟೋಕನ್, ಸ್ಮಾರ್ಟ್ ಕಾರ್ಡು, ಕ್ಯುಆರ್ ಟಿಕೆಟ್, ರುಪೇ ಆಧಾರಿತ ರಾಷ್ಟ್ರೀಯ ಸಂಚಾರ ಕಾರ್ಡು ನಡೆಯುತ್ತವೆ. 2022ರ ನವೆಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲೇ ಕ್ಯುಆರ್ ಟಿಕೆಟ್ ಸಿಗುತ್ತಿದೆ, ಆದರೆ ಅದರ ಹಣ ಸಂದಾಯಕ್ಕೆ ಊರಿನವರೆಲ್ಲ ನೆಚ್ಚುವುದು ಯುಪಿಐಯನ್ನು. ವಿದೇಶಿ ಬ್ಯಾಂಕಿನ ಖಾತೆಯಿಂದ ಅದು ಆಗದು. ವಿದೇಶಿ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿ ಒಳಹೋಗುವಂತೆಯೂ ಇಲ್ಲ. ನಗದು ಕೊಟ್ಟು ಟೋಕನ್ ಕೊಳ್ಳುವುದೇ ಅವರಿಗೆ ನೇರ ದಾರಿ. ಒಳಹೋಗುವಾಗ ಟೋಕನನ್ನು ಗೇಟಿಗೆ ತೋರಿಸಿ, ಹೊರಬರುವಾಗ ಗೇಟಿನ ಸೀಳಿನೊಳಗೆ ಹಾಕಬೇಕು. 2025ರ ಫೆಬ್ರವರಿ ಪರಿಷ್ಕರಣೆಯಂತೆ ದರ 10 ರೂಪಾಯಿಯಿಂದ 90 ರೂಪಾಯಿವರೆಗೆ. ಜಿ20 ಸಭೆಗಳ ವರ್ಷವಾದ 2023ರಲ್ಲಿ ವಿದೇಶಿ ಸಂದರ್ಶಕರಿಗೆಂದೇ ಯುಪಿಐ ವ್ಯಾಲೆಟ್ಟಿನ ಏರ್ಪಾಡು ಬೆಂಗಳೂರು, ಮುಂಬೈ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಶುರುವಾಯಿತು; ಪಾಸ್‌ಪೋರ್ಟ್, ವೀಸಾ ತೋರಿಸಿ ರೂಪಾಯಿ ತುಂಬಿಸಿಕೊಂಡರೆ ಬೀದಿಬದಿಯ ಕ್ಯುಆರ್ ಫಲಕಗಳಿಗೂ ಪಾವತಿಸಬಹುದು. ಬಿಎಂಟಿಸಿ ಬಸ್ಸುಗಳಲ್ಲಿ ಕಂಡಕ್ಟರಿಗೆ ನಗದು ಕೊಡಬಹುದು, ವಿಮಾನ ನಿಲ್ದಾಣದ ವಾಯುವಜ್ರ ಬಸ್ಸುಗಳಲ್ಲೂ ಹಾಗೆಯೇ. ಐನೂರರ ನೋಟು ಹಿಡಿದು ಹತ್ತಿದರೆ ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ, ಇಳಿಯುವ ಮೊದಲು ಕೇಳಿ ಪಡೆಯಬೇಕು. ಇದನ್ನು ಹೊಸಬರಿಗೆ ಪಕ್ಕದ ಸೀಟಿನವರೇ ತಿಳಿಸಬೇಕಷ್ಟೆ. ಇಷ್ಟೊಂದು ದೇಶಗಳ ಜನ ಕೆಲಸಕ್ಕೂ ಓದಿಗೂ ಚಿಕಿತ್ಸೆಗೂ ಬರುವ ನಗರದ ಮೆಟ್ರೊ ಗೇಟು ಅವರ ಕಾರ್ಡನ್ನೂ ಓದುವಂತಾಗುವುದು ಬಹಳ ದೊಡ್ಡ ತಾಂತ್ರಿಕ ಸಾಹಸವೇನಲ್ಲ, ಆಗಬೇಕಾದ ಕೆಲಸ.

ಉಳಿದ ಹಣ

ಮರಳಿ ಹೊರಡುವ ದಿನ ಕಾರ್ಡಿನಲ್ಲಿ ಉಳಿದ ಮೊತ್ತ ಊರಿಂದೂರಿಗೆ ಬೇರೆಬೇರೆ ಗತಿ ಕಾಣುತ್ತದೆ. ಆಯ್ಸ್ಟರ್ ಕಾರ್ಡಿನ ಬಾಕಿಗೆ ಕಾಲಮಿತಿ ಇಲ್ಲ, ಮುಂದಿನ ಸಲ ಹೋದಾಗಲೂ ನಡೆಯುತ್ತದೆ. ಸಣ್ಣ ಮೊತ್ತವಾದರೆ ನಿಲ್ದಾಣದ ಯಂತ್ರವೇ ಹಿಂದಿರುಗಿಸುತ್ತದೆ, ಆದರೆ ಕಾರ್ಡಿಗೆಂದು ಕೊಟ್ಟ ಶುಲ್ಕ ಹೋದಂತೆಯೇ. ಹಾಂಗ್‌ಕಾಂಗ್‌ನಲ್ಲಿ ಠೇವಣಿ ಇಟ್ಟು ಪಡೆದ ಆಕ್ಟೋಪಸ್ ಮರಳಿಸಿದರೆ 50 ಹಾಂಗ್‌ಕಾಂಗ್ ಡಾಲರ್ ಠೇವಣಿಯೂ ಬಾಕಿಯೂ ಸಿಗುತ್ತವೆ, ಕೊಂಡ ಮೂರು ತಿಂಗಳೊಳಗೆ ಮರಳಿಸಿದರೆ ಅದರಲ್ಲಿ ಸಣ್ಣದೊಂದು ಶುಲ್ಕ ಮುರಿದುಕೊಳ್ಳುತ್ತಾರೆ. ಸಾಮಾನ್ಯ ಸುಯಿಕಾವನ್ನು ಅದನ್ನು ವಿತರಿಸುವ ಜೆಆರ್ ಈಸ್ಟ್ ಕಂಪನಿಯ ಕೌಂಟರಿನಲ್ಲಿ ಮಾತ್ರ ಮರಳಿಸಬಹುದು. ಟೋಕಿಯೊದಲ್ಲಿ ಕೊಂಡು ಒಸಾಕಾದಿಂದ ವಿಮಾನ ಹತ್ತುವವರಿಗೆ ಆ ಅವಕಾಶವಿಲ್ಲ. ಮರಳಿಸುವಾಗ 220 ಯೆನ್ ಶುಲ್ಕವನ್ನು ಬಾಕಿ ಹಣದಿಂದ ಕಳೆಯುತ್ತಾರೆ, 500 ಯೆನ್ ಠೇವಣಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಬಾಕಿಯನ್ನು ನಿಲ್ದಾಣದ ಅಂಗಡಿಯಲ್ಲಿ ಸೊನ್ನೆಗೆ ಇಳಿಸಿ, ಆಮೇಲೆ ಕಾರ್ಡು ಕೊಟ್ಟರೆ ಠೇವಣಿ ಪೂರ್ತಿ ಕೈಗೆ ಬರುತ್ತದೆ.